ಧಾರವಾಡ ಶಿಲೆಗಳ ಮಾಹಿತಿ ಒಂದೆಡೆ ಸಿಗಲಿ

ಮಾನ್ಯ ಸಂಪಾದಕರೇ,

1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಂದಿನಿಂದ ಕರ್ನಾಟಕದ ಬಹುಭಾಗದಲ್ಲಿ ಹರಡಿರುವ, ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದ ಗುರುತಿಸುವ ನಮ್ಮ ಪುರಾತನ ಶಿಲೆಗಳ ಬಗ್ಗೆ ಕಲೆಹಾಕಿದ ಮಾಹಿತಿಯು ಇಲಾಖಾ ವರದಿ, ವಿಶ್ವವಿದ್ಯಾಲಯಗಳ ಪ್ರಬಂಧ ಹಾಗೂ ಸಂಶೋಧನಾ ಪತ್ರಿಕೆಗಳಲ್ಲಿ ಚದುರಿಹೋಗಿದೆ. ರಾಮನಗರದ ಹಳೆಯ ಹೆಸರನ್ನು ಹೊತ್ತ, ಸುಮಾರು 250 ಕೋಟಿ ವರ್ಷ ಹಿಂದಿನ ಕ್ಲೋಸ್‌ಪೇಟೆ ಗ್ರಾನೈಟ್ ದಕ್ಷಿಣೋತ್ತರವಾಗಿ ನೂರಾರು ಕಿಲೋಮೀಟರ್ ಚಾಚಿದೆ. ಆ ಕಾಲದಲ್ಲಿ ಇಲ್ಲಿ ಪರ್ವತಗಳು ಹೇಗೆ ಎದ್ದವು ಎಂಬುದನ್ನು ಯಾವುದೋ ಒಂದು ತಾಲ್ಲೂಕಿನ ಬಂಡೆ ಹೇಳಲಾರದು. ಪರ್ವತಗಳು ಸವೆದು ಅವುಗಳ ಬುಡ ಮಾತ್ರ ಉಳಿದಿರುವುದರಿಂದ, ಚಿತ್ರದುರ್ಗದ ಶಿಲಾಪದರಗಳ ಮಡಿಕೆಗಳು, ಕೋಲಾರದ ಸುತ್ತಲಿನ ಶಿಲೆಗಳಲ್ಲಿರುವ ಜಿರ್ಕಾನ್ ಎಂಬ ಖನಿಜದ (ಶಿಲೆಯ ಕಾಲವನ್ನು ತಿಳಿಯಲು ನೆರವಾಗುವಂಥದ್ದು) ಹರಳುಗಳ ವಯಸ್ಸು, ದಕ್ಷಿಣದ ಶಿಲೆಗಳು ಅನುಭವಿಸಿದ ತಾಪ ಮತ್ತು ಒತ್ತಡ, ಇವೆಲ್ಲವನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡಬೇಕಾಗುತ್ತದೆ. ಕಲ್ಲುಗಣಿಯಲ್ಲಿ ಕರಗಿಹೋದ ಬಂಡೆಯಂತೂ (ಅಂಥವನ್ನು ಕಣ್ಣಾರೆ ಕಂಡು ನೊಂದಿದ್ದೇನೆ) ಮತ್ತೆ ಪರೀಕ್ಷೆಗೆ ಸಿಗುವುದಿಲ್ಲ. ಅದರ ಹಳೆಯ ದಾಖಲೆಯೇ ಏಕೈಕ ಸಾಕ್ಷ್ಯ.

ಆದ್ದರಿಂದ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ವಿಶ್ವವಿದ್ಯಾಲಯಗಳೊಡನೆ ಸೇರಿ, ಪ್ರತಿ ಮಾದರಿಯ ನಿಖರ ಸ್ಥಳ, ವಯಸ್ಸು ಅಳೆದ ವಿಧಾನ ಮತ್ತು ಅದರಲ್ಲಿನ ಅನಿಶ್ಚಿತತೆಯ ಪ್ರಮಾಣವನ್ನು ಒಳಗೊಂಡ ಮುಕ್ತ ದತ್ತಾಂಶ ಕೋಶವನ್ನು ರೂಪಿಸಬೇಕು. ಹಳೆಯ ವರದಿಗಳಿಂದಲೇ ಈ ಕೆಲಸ ಆರಂಭವಾಗಲಿ.

– ಭೂವಿಜ್ಞಾನದ ನಿವೃತ್ತ ಅಧ್ಯಾಪಕ, ತುಮಕೂರು