ಈ ಮಳೆಗಾಲವೂ ಮನೆಯಲ್ಲೇ ಕಳೆಯಿತು, ಎಲ್ಲರಿಗೂ ನಮಸ್ಕಾರ

ಸಕಲೇಶಪುರದ ಕಡೆ ಮಳೆ ನಿಂತಿದೆ. ಈ ಸಲವೂ ನಾನು ಆಸ್ಪತ್ರೆ ಸೇರಲಿಲ್ಲ. ಮೊನ್ನೆ ಹಾಸನದಲ್ಲಿ ಊದಿಸಿ ಪರೀಕ್ಷೆ ಮಾಡಿದ ಡಾಕ್ಟರ್, ಶ್ವಾಸಕೋಶ ಹೋದ ವರ್ಷ ಇದ್ದ ಹಾಗೇ ಇದೆ ಅಂದರು. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ಏದುಸಿರು ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಇದೇ ದೊಡ್ಡ ಸುದ್ದಿ. ಹಾಳಾಗಿದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಕೊರೊನಾ ಕಾಲದಲ್ಲಿ ಅದನ್ನು ಕಾಪಾಡಿಕೊಟ್ಟವರಿಗೆ ಈ ಬರಹ.

ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ. ಸೌದೆ ಒಲೆ, ಬಚ್ಚಲ ಒಲೆ ಊದಿ ಊದಿ ಬಂದ ಕಾಯಿಲೆ. ಮಲೆನಾಡಿನ ಎಷ್ಟೋ ಹೆಂಗಸರ ಕೆಮ್ಮು ಇದೇ ಅಲ್ವಾ?

2020ರಲ್ಲಿ ಲಾಕ್‌ಡೌನ್ ಆದಾಗ, ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆ, ಅದನ್ನು ಎಳೆದರೆ ಕೊರೊನಾ ಬೇಗ ಬರುತ್ತೆ ಅಂತ ಫೋನಿಗೆ ಮೆಸೇಜುಗಳು ಬರುತ್ತಿದ್ದವು. ನಮ್ಮ ಮೆಡಿಕಲ್ ಶಾಪಿನ ಅಣ್ಣ, ಡಾಕ್ಟರ್ ಹೇಳದೆ ಒಂದು ಪಫ್ಪೂ ಬಿಡಬೇಡಿ ಅಮ್ಮ, ಎಳೆದಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಅಷ್ಟೇ ಅಂದರು. ಔಷಧಿ ಮುಗಿಯುವ ಮುಂಚೆಯೇ ಹಾಲಿನ ಗಾಡಿಯಲ್ಲಿ ಕಳಿಸುತ್ತಿದ್ದರು.

ಎರಡನೇ ಅಲೆ ನನ್ನನ್ನು ಬಿಡಲಿಲ್ಲ. 2021ರ ಮೇ ತಿಂಗಳು, ಜ್ವರ, ಏದುಸಿರು. ಆಗ ಎಲ್ಲರ ಬಾಯಲ್ಲೂ 94ರ ಲೆಕ್ಕ, ರಕ್ತದಲ್ಲಿನ ಆಕ್ಸಿಜನ್ ಶೇಕಡಾ 94ಕ್ಕಿಂತ ಕಡಿಮೆ ಆದರೆ ಆಸ್ಪತ್ರೆಗೆ ಓಡಿ ಅಂತ. ಆದರೆ ನಾನು ಚೆನ್ನಾಗಿರುವ ದಿನವೂ ಬೆರಳಿನ ಮಷೀನ್ 91 ತೋರಿಸುತ್ತಿತ್ತು. ಹಾಸನದ ಡಾಕ್ಟರ್ ಇದನ್ನು ಮೊದಲೇ ಹೇಳಿದ್ದರು: ನಿಮಗೆ 88ರಿಂದ 92 ಸಾಕು, ಆಕ್ಸಿಜನ್ ಜಾಸ್ತಿ ಕೊಟ್ಟರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹಿಡಿಯುತ್ತೆ. ನಮ್ಮೂರಿನ ಆಶಾ ಕಾರ್ಯಕರ್ತೆ ಆ ಮಾತನ್ನು, ನನ್ನ ದಿನನಿತ್ಯದ ನಂಬರ್ ಸಮೇತ, ಒಂದು ಚೀಟಿಯಲ್ಲಿ ಬರೆದು ನನ್ನ ಫೈಲಿಗೆ ಅಂಟಿಸಿದ್ದಳು. ವಾರ್ಡಿನಲ್ಲಿ ಮಾತಾಡಲು ನನಗೆ ಉಸಿರೇ ಇರಲಿಲ್ಲ. ಆ ಚೀಟಿ ಓದಿದ ನರ್ಸ್ ತಕ್ಷಣ ಡ್ಯೂಟಿ ಡಾಕ್ಟರಿಗೆ ತೋರಿಸಿ ಆಕ್ಸಿಜನ್ ಇಳಿಸಿದರು. ತಾಯಿ, ನಿನ್ನ ಆ ಒಂದು ಚೀಟಿಯ ಋಣ ನಾನು ತೀರಿಸಲಾರೆ. ಇಂಥ ಕಾಯಿಲೆ ಇರುವವರೆಲ್ಲ ದಯವಿಟ್ಟು ನಿಮ್ಮ ಡಾಕ್ಟರ್ ಹತ್ತಿರ ನಿಮ್ಮ ನಂಬರ್ ಕೇಳಿ ಬರೆಸಿಟ್ಟುಕೊಳ್ಳಿ.

ಮನೆಗೆ ಬಂದಾಗ ಜೂನ್ ಮಳೆ. ಆಕ್ಸಿಜನ್ ಮಷೀನಿಗೆ ಕರೆಂಟು ಬೇಕು, ನಮ್ಮಲ್ಲಿ ಗಾಳಿ ಬೀಸಿದರೆ ಮರ ಬಿದ್ದು ಲೈನ್ ಹೋಯಿತು ಅಂತಲೇ ಲೆಕ್ಕ. ಲೈನ್ ತೆಗೆಯುವ ಮುಂಚೆ ನಮಗೆ ಫೋನ್ ಮಾಡುತ್ತಿದ್ದ ಲೈನ್‌ಮ್ಯಾನ್ ತಮ್ಮ, ರಾತ್ರಿಯೆಲ್ಲ ಜನರೇಟರ್ ಓಡಿಸಿದ ಪಕ್ಕದ ತೋಟದವರು, ನಿಮಗೆ ಕೈ ಮುಗಿಯುತ್ತೇನೆ.

ಸೊಸೆಗೆ ಏನು ಹೇಳಲಿ! ಬಚ್ಚಲಿಗೆ ಗ್ಯಾಸ್ ಗೀಸರ್ ಬೇಡ, ಸೋಲಾರ್ ಹಾಕಿಸೋಣ ಅಂತ ಹಟ ಹಿಡಿದಳು. ತುಟಿ ಸಣ್ಣದು ಮಾಡಿ ಮೆಲ್ಲಗೆ ಉಸಿರು ಬಿಡುವ ಅಭ್ಯಾಸವನ್ನು ನನ್ನ ಜೊತೆ ಕೂತು ತಾನೂ ಮಾಡಿದಳು. ಪ್ರತಿ ವರ್ಷ ಫ್ಲೂ ಇಂಜೆಕ್ಷನ್ ನೆನಪಿಸುವವಳೂ ಅವಳೇ. ಮದುವೆಗೆ ಬರಲಿಲ್ಲ ಅಂತ ಮುನಿಸಿಕೊಳ್ಳದೆ, ಬಂದರೂ ಮಾಸ್ಕ್ ಹಾಕಿ ಜಗಲಿಯಲ್ಲೇ ಕೂತು ಹೋದ ನೆಂಟರಿಗೂ ಥ್ಯಾಂಕ್ಸ್.

ಆ ಆಕ್ಸಿಜನ್ ಮಷೀನ್ ಈಗ ಮನೆಯಲ್ಲಿ ಖಾಲಿ ಇದೆ, ಸರ್ವೀಸ್ ಮಾಡಿಸಿದ್ದೇವೆ. ನಮ್ಮ ತಾಲ್ಲೂಕಿನಲ್ಲಿ ಯಾರಿಗಾದರೂ ಬೇಕಿದ್ದರೆ ಡಾಕ್ಟರ್ ಚೀಟಿ ತಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ.