ಬುಟ್ಟಿಯಲ್ಲಿದ್ದ ರೋಗಿ

ಮಾನ್ಯ ಸಂಪಾದಕರೇ,

ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. 2021ರ ಈ ಕೊರೊನಾ ಲಾಕ್‌ಡೌನ್‌ನಲ್ಲೂ ನಮ್ಮಲ್ಲಿ ಎರಡು ಹೊತ್ತು ಹಾಲು ಅಳೆಯುವುದು ನಿಂತಿಲ್ಲ. ಹಸುವಿಗೆ ಕಾಯಿಲೆಯಾದರೆ ಡಾಕ್ಟರೂ ಬರುತ್ತಾರೆ. ಕಳೆದ ಶನಿವಾರ ಸಂಜೆ, ಕರು ಹಾಕಿದ ನಮ್ಮ ಹಸು ಹಾಲುಜ್ವರದಿಂದ ನೆಲ ಹಿಡಿದಾಗ, ಫೋನ್ ಮಾಡಿದ ಮುಕ್ಕಾಲು ಗಂಟೆಯಲ್ಲಿ ಬಂದು ನರಕ್ಕೆ ಕ್ಯಾಲ್ಸಿಯಂ ಕೊಟ್ಟರು. ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಅದು ಎದ್ದು ನಿಂತಿತು. ಆ ವ್ಯವಸ್ಥೆಯ ಬಗ್ಗೆ ನನ್ನ ದೂರಿಲ್ಲ.

ಕೈ ತೊಳೆಯುತ್ತಿದ್ದ ಡಾಕ್ಟರ ಕಣ್ಣಿಗೆ ನಮ್ಮ ಗಂಡು ಬೆಕ್ಕು ಕರಿಯ ಬಿತ್ತು. ಹಿಂದಿನ ರಾತ್ರಿಯಿಂದ ಅದು ಬೂದಿಗುಡ್ಡೆಯ ಮೇಲೆ ಕೂರುವುದು, ತಿಣುಕುವುದು, ಏಳುವುದು, ಮತ್ತೆ ಕೂರುವುದು. ಮಲಬದ್ಧತೆ ಇರಬೇಕೆಂದು ನಮ್ಮಮ್ಮ ಹರಳೆಣ್ಣೆ ನೆಕ್ಕಿಸಿದ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮೂತ್ರ ಕಟ್ಟಿದೆ ಎಂದರು. ಮೂತ್ರಕೋಶ ನಿಂಬೆಹಣ್ಣಿನಂತೆ ಗಟ್ಟಿಯಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರವಂತೆ. ಹರಳು ಸಿಕ್ಕಿಕೊಂಡರೆ ವಿಷ ರಕ್ತಕ್ಕೇರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದಂತೆ. ಮಂಪರು ಕೊಟ್ಟು ಸಣ್ಣ ನಳಿಕೆ ತೂರಿಸಬೇಕು. ಹಸುವಿನ ಮದ್ದು ತುಂಬಿದ ಅವರ ಪೆಟ್ಟಿಗೆಯಲ್ಲಿ ಆ ನಳಿಕೆ ಇರಲಿಲ್ಲ. "ಬೆಳಗಿನವರೆಗೆ ಕಾಯಬೇಡಿ, ಜಿಲ್ಲಾ ಕೇಂದ್ರಕ್ಕೆ ಒಯ್ಯಿರಿ" ಎಂದರು.

ಬಿದಿರು ಬುಟ್ಟಿಯ ಬಾಯಿಗೆ ಹಳೆಯ ಪಂಚೆ ಕಟ್ಟಿ, ಮಗನ ತೊಡೆಯ ಮೇಲಿಟ್ಟು ಬೈಕಿನಲ್ಲಿ ಹೊರಟೆ. ದಾರಿಯಲ್ಲಿ ಪೊಲೀಸರು ತಡೆದರು. 2021ರ ಮೇ 10ರಿಂದ ಜಾರಿಗೆ ಬಂದ ರಾಜ್ಯದ ಲಾಕ್‌ಡೌನ್ ಆದೇಶದಲ್ಲಿ ಪಶು ಆಸ್ಪತ್ರೆಗೆ ವಿನಾಯಿತಿ ಇತ್ತು. 2020ರ ಮಾರ್ಚ್‌ನ ಕೇಂದ್ರದ ಆದೇಶದಲ್ಲೂ ಇತ್ತು. ರೋಗಿ ಮತ್ತು ಜೊತೆಗಾರರು ಕನಿಷ್ಠ ದಾಖಲೆ ತೋರಿಸಿ ಓಡಾಡಬಹುದು ಎಂದೂ ರಾಜ್ಯದ ಆದೇಶದಲ್ಲಿತ್ತು. "ರೋಗಿ ಯಾರು?" ಎಂದರು. ಬುಟ್ಟಿ ತೋರಿಸಿದೆ. "ದಾಖಲೆ?" ಎಂದರು. ಬೆಕ್ಕಿಗೆ ಆಧಾರ್ ಕಾರ್ಡ್ ಎಲ್ಲಿಂದ ತರಲಿ? ಡಾಕ್ಟರ ಕೈಯಲ್ಲಿ ಚೀಟಿ ಬರೆಸಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ, ಅದು ನನ್ನ ತಪ್ಪೇ. ಅವರ ಮಾತು ಒರಟಾಗಿರಲಿಲ್ಲ. "ಮನುಷ್ಯರಿಗೇ ಬೆಡ್ ಇಲ್ಲ, ನೀವು ಬೆಕ್ಕು ಹೊತ್ತು ಬಂದಿದ್ದೀರಿ" ಎಂದಷ್ಟೇ ಹೇಳಿದರು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತ ತಿಂಗಳದು. ನನಗೆ ನಾಚಿಕೆಯೇ ಆಯಿತು. ವಾಪಸು ಬರುವಾಗ ಅನಿಸಿತು, ನಾನು ಕೇಳಿದ್ದು ಯಾರ ಬೆಡ್ಡನ್ನೂ ಅಲ್ಲವಲ್ಲ, ಆ ರಾತ್ರಿ ಖಾಲಿ ಬಿದ್ದಿದ್ದ ರಸ್ತೆಯನ್ನು.

ಬೆಳಿಗ್ಗೆ ಹಾಲಿನ ಗಾಡಿ ಬಂತು. ಅದನ್ನು ಯಾರೂ ತಡೆಯುವುದಿಲ್ಲ. ನಿಯಮಕ್ಕೆ ವಿರುದ್ಧವೆಂದು ಗೊತ್ತಿದ್ದೂ ಬುಟ್ಟಿಯನ್ನು ಮುಂದಿನ ಸೀಟಿನ ಕೆಳಗಿಟ್ಟು ನಾನೂ ಹತ್ತಿ ಕುಳಿತೆ. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತು ಎಂದು ಚಾಲಕ ನಕ್ಕ. ಕರಿಯ ಕ್ಯಾನಿನ ಕಡೆ ಮೂಸಿಯೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಬಂದದ್ದು ರಕ್ತ ಬೆರೆತ ಮೂತ್ರ. ಇನ್ನು ಕೆಲವು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮೂರು ದಿನ ಅಲ್ಲೇ ಇದ್ದು ಈಗ ಮನೆಗೆ ಬಂದಿದೆ, ಎಲುಬು ಎಣಿಸಬಹುದು.

ಅದೇ ವಾರ ನಮ್ಮ ಹಿಂದಿನ ಬೀದಿಯಲ್ಲಿ ಹೂ ಮಾರುವ ಹೆಂಗಸಿನ ನಾಯಿ, ಹೆರುವಾಗ ಮರಿ ಅಡ್ಡ ಸಿಕ್ಕಿಕೊಂಡು, ಸತ್ತಿತು. ಅವರಿಗೆ ಹಾಲಿನ ಗಾಡಿ ಹತ್ತಿಸುವವರು ಯಾರೂ ಇರಲಿಲ್ಲ.

ಆಸ್ಪತ್ರೆ ತೆರೆದಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯೂ ತೆರೆದಿರಬೇಕು. ಮುಂದಿನ ಆದೇಶದಲ್ಲಿ "ಕಾಯಿಲೆಯ ಪ್ರಾಣಿ ಮತ್ತು ಅದನ್ನು ಒಯ್ಯುವವರು" ಎಂದು ಒಂದು ಸಾಲು ಸೇರಿಸಲಿ. ಪಶುವೈದ್ಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚೀಟಿಯನ್ನೇ ದಾಖಲೆಯೆಂದು ಚೆಕ್‌ಪೋಸ್ಟ್‌ನಲ್ಲಿ ಒಪ್ಪಲಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬೆಕ್ಕು ನಾಯಿಗಳಿಗೆ ಬೇಕಾದ ನಾಲ್ಕು ನಳಿಕೆ ಇರಲಿ. ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಪ್ರಕಟಿಸಲಿ. ನಮ್ಮ ಸಂಘದ ಗೋಡೆಯ ಮೇಲೆ ಹಸುವಿನ ಡಾಕ್ಟರ ನಂಬರು ಬರೆದಿದೆ. ಅದರ ಕೆಳಗೆ ಇನ್ನೊಂದು ನಂಬರಿಗೆ ಜಾಗ ಬಿಟ್ಟಿದ್ದೇನೆ.

– ಸಂಘದ ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು
22-5-2021