ಕಣದಲ್ಲಿದ್ದವರಿಗೆಲ್ಲ

ಮೊನ್ನೆ ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆ, ಬಂತು. ಜಗಲಿಯಲ್ಲಿ ಕೂತಿದ್ದ ಅಪ್ಪ, "ಎಷ್ಟು ಸೆಂಟ್ ಮಳೆ ಆಯ್ತು?" ಎಂದು ಕೇಳಿದರು. ಅಮ್ಮ ಒಳಗೆ ಹೋಗಿ ಅತ್ತರು. ಇಷ್ಟು ದಿನ ಬರೆಯಲಾಗದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಕಣದಲ್ಲಿ ರೊಬಸ್ಟಾ ಕಾಫಿ ಒಣಗಲು ಹರಡುತ್ತಿದ್ದ ಅಪ್ಪ ಸದ್ದಿಲ್ಲದೆ ಕುಸಿದುಬಿದ್ದರು. ನಾನು ಮುಖಕ್ಕೆ ನೀರು ಹಾಕಿದೆ. ಯಾರೋ ಕೈಗೆ ಕಬ್ಬಿಣ ಕೊಡಿ ಎಂದರು. ಗಂಟಲಿನಿಂದ ಗೊರಕೆಯಂಥ ಸದ್ದು ಬರುತ್ತಿತ್ತು. ಉಸಿರಿದೆ, ಜೀಪಿಗೆ ಹಾಕಿ ಮಡಿಕೇರಿಗೆ ಹೋಗೋಣ ಎಂದು ಕೂಗಾಡಿದೆ.

ಅಷ್ಟರಲ್ಲಿ ಓಡಿಬಂದವನು ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಮಗ. ಯಾವಾಗಲೂ ಹಾಕಿ ಸ್ಟಿಕ್ ಹಿಡಿದು ತಿರುಗುವ ಕಾಲೇಜು ಹುಡುಗ. ಅಪ್ಪನ ಭುಜ ತಟ್ಟಿ ಕೂಗಿದ, ಎದೆ ನೋಡಿದ. "ಅಕ್ಕಾ, ಇದು ಉಸಿರಲ್ಲ, ಹೃದಯ ನಿಂತಾಗ ಹೀಗೆ ಸದ್ದು ಬರ್ತದೆ" ಎಂದವನೇ ಎದೆಯ ನಡುವೆ ಕೈ ಮೇಲೆ ಕೈ ಇಟ್ಟು ಒತ್ತತೊಡಗಿದ. ಮೊಣಕೈ ಮಡಚಲಿಲ್ಲ, ಮೈಭಾರವೆಲ್ಲ ಹಾಕಿದ. ಸಿಪಿಆರ್ ಅಂದರೆ ಇದೇ, ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರಾದರೂ ತಗ್ಗಬೇಕು, ಪ್ರತಿ ಸಲ ಪೂರ್ತಿ ಮೇಲೆ ಬರಬೇಕು ಎನ್ನುವುದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆಗ ಕೇಳಿಸಿದ್ದು ಲಟಕ್ ಎಂಬ ಸದ್ದು. ಪಕ್ಕೆಲುಬು. "ಕೊಲ್ತೀಯೇನೋ!" ಎಂದು ಅವನ ತೋಳು ಹಿಡಿದೆಳೆದೆ. ಅವನು ಎಣಿಕೆ ನಿಲ್ಲಿಸಲಿಲ್ಲ.

ತಮ್ಮಾ, ಆ ಮಾತಿಗೆ ಕ್ಷಮಿಸು. ಎಲುಬು ಕೂಡಿಕೊಂಡಿದೆ. ಎನ್‌ಸಿಸಿಯಲ್ಲಿ ನಿನಗೆ ಕಲಿಸಿದವರಿಗೂ ನನ್ನ ನಮಸ್ಕಾರ ಹೇಳು.

ಸುಸ್ತಾದರೆ ಒತ್ತು ಕಡಿಮೆಯಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಅವನು ಮಾಡಿದ್ದನ್ನು ನೋಡಿಯೇ ಕಲಿತು ಸರದಿಗೆ ಕೂತವರು ನಮ್ಮ ಮೇಸ್ತ್ರಿ ಮತ್ತು ಕಾರ್ಮಿಕರ ಲೈನ್ ಮನೆಯ ಅಕ್ಕ. ಅಕ್ಕನ ಕೈಯ ಜೋರು ಎಲ್ಲರಿಗಿಂತ ಜಾಸ್ತಿ! ನಮ್ಮಲ್ಲಿ ಸಿಗ್ನಲ್ ಸಿಗುವುದು ಗೇಟಿನ ಬಂಡೆ ಮೇಲೆ ಮಾತ್ರ. ಅಲ್ಲಿಗೆ ಓಡಿ 108ಕ್ಕೆ ಫೋನ್ ಮಾಡಿ, ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಿದ ಡ್ರೈವರ್ ಅಣ್ಣನನ್ನು ಹೇಗೆ ಮರೆಯಲಿ?

ಆಂಬುಲೆನ್ಸಿನವರು ಶಾಕ್ ಕೊಟ್ಟರು, ಎರಡನೆಯದಕ್ಕೆ ನಾಡಿ ಬಂತು. ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಅವರಿಗೆಲ್ಲ ಋಣಿ. ಆದರೆ ಅದಕ್ಕೂ ಮೊದಲಿನ 18 ನಿಮಿಷ ಅಪ್ಪನ ಮೆದುಳಿಗೆ ರಕ್ತ ತಳ್ಳಿದ್ದು ಕಣದಲ್ಲಿದ್ದ ಮೂವರು, ಅಲ್ವಾ? ಒತ್ತದೆ ಬಿಟ್ಟರೆ ನಾಲ್ಕೈದು ನಿಮಿಷಕ್ಕೇ ಮೆದುಳು ಹಾಳಾಗಲು ಶುರುವಾಗುತ್ತದೆ. ನಮ್ಮ ತೋಟದಿಂದ ಮಡಿಕೇರಿಗೆ ಜೀಪಿನಲ್ಲಿ 40 ನಿಮಿಷ. ರಾತ್ರಿ ಈ ಲೆಕ್ಕ ನೆನಪಾದರೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ನರ್ಸ್ ಒಬ್ಬರು ಬೊಂಬೆ ತಂದು ಒತ್ತುವುದನ್ನು ಕಲಿಸುತ್ತಾರೆ. ಕಾಫಿ ಎಲ್ಲ ಎತ್ತಿ ಆಗಿದೆ, ಕಣ ಖಾಲಿ. ಎಲ್ಲರೂ ಬನ್ನಿ. ಮಧ್ಯಾಹ್ನಕ್ಕೆ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿಮಾಂಸದ ಸಾರು). ಅಪ್ಪನಿಗೆ ಮಾತ್ರ ಗಂಜಿ. ಅದಕ್ಕೆ ಈಗಲೇ ಮುಖ ಊದಿಸಿಕೊಂಡು ಕೂತಿದ್ದಾರೆ.